ಒಂದು ಲೀಟರಿನಿಂದ ಹತ್ತು ಸಾವಿರ ಲೀಟರಿಗೆ: ಕೆಮಿಕಲ್ ಎಂಜಿನಿಯರಿಂಗ್ ಓದಿನ ನಿಜವಾದ ತೂಕ

ಸಿಇಟಿ ರ‍್ಯಾಂಕ್ ಪ್ರಕಟವಾಗಿ, ಕಾಲೇಜು ಮತ್ತು ಬ್ರಾಂಚ್‌ಗಳ ಆಯ್ಕೆ ದಾಖಲಿಸುವ ದಿನಗಳು ಬಂದಾಗ ರಾಜ್ಯದ ಸಾವಿರಾರು ಮನೆಗಳಲ್ಲಿ ಹೆಚ್ಚುಕಡಿಮೆ ಒಂದೇ ಪಟ್ಟಿ ತಯಾರಾಗುತ್ತದೆ. ಮೊದಲು ಕಂಪ್ಯೂಟರ್ ಸೈನ್ಸ್. ಅದರ ಬೆನ್ನಿಗೆ ಕೃತಕ ಬುದ್ಧಿಮತ್ತೆ, ಡೇಟಾ ಸೈನ್ಸ್, ಸೈಬರ್ ಸೆಕ್ಯುರಿಟಿ ಎಂದು ಅದರದೇ ಕವಲುಗಳು. ಆಮೇಲೆ ಎಲೆಕ್ಟ್ರಾನಿಕ್ಸ್. ತೀರಾ ಕೊನೆಗೆ ಮೆಕ್ಯಾನಿಕಲ್, ಸಿವಿಲ್, ಕೆಮಿಕಲ್. ಹೆಸರುವಾಸಿ ಕಾಲೇಜೇ ಬೇಕು, ಆದರೆ ಅಲ್ಲಿ ಕಂಪ್ಯೂಟರ್ ಸೈನ್ಸ್ ಸಿಗುವಷ್ಟು ರ‍್ಯಾಂಕ್ ಇಲ್ಲ ಎನ್ನುವವರು ಕೆಮಿಕಲ್ ಕಡೆಗೆ ತಿರುಗುತ್ತಾರೆ. ತಾನು ನಾಲ್ಕು ವರ್ಷ ಏನನ್ನು ಓದಲಿದ್ದೇನೆ ಎಂದು ತಿಳಿದು ಈ ಬ್ರಾಂಚನ್ನು ಮೊದಲ ಆಯ್ಕೆಯಾಗಿ ಬರೆಯುವ ವಿದ್ಯಾರ್ಥಿ ಬಹಳ ಅಪರೂಪ.

ಇದರಲ್ಲಿ ವಿದ್ಯಾರ್ಥಿಗಳನ್ನು ದೂರುವಂಥದ್ದೇನೂ ಇಲ್ಲ. ಬೆಂಗಳೂರಿನ ಉದ್ಯೋಗ ಮಾರುಕಟ್ಟೆ ಅವರಿಗೆ ಕಲಿಸಿರುವ ಪಾಠವೇ ಅದು. ಒಂದು ಬ್ರಾಂಚಿಗೆ ಇಷ್ಟೇ ಸೀಟು ಎಂದಿದ್ದ ಗರಿಷ್ಠ ಮಿತಿಯನ್ನು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು 2024-25ರಿಂದ ಸಡಿಲಿಸಿದ ಮೇಲೆ ಕಾಲೇಜುಗಳೂ ಅದೇ ದಾರಿ ಹಿಡಿದಿವೆ. ಕಂಪ್ಯೂಟರ್ ಲ್ಯಾಬ್ ವಿಸ್ತರಿಸುವುದು ಸುಲಭ. ದ್ರವಗಳನ್ನು ಬಟ್ಟಿ ಇಳಿಸಿ ಬೇರ್ಪಡಿಸುವ ಡಿಸ್ಟಿಲೇಷನ್ ಕಾಲಂ, ಒಂದು ಹರಿವಿನ ಶಾಖವನ್ನು ಇನ್ನೊಂದಕ್ಕೆ ದಾಟಿಸುವ ಹೀಟ್ ಎಕ್ಸ್‌ಚೇಂಜರ್, ಉಗಿ ಒದಗಿಸುವ ಬಾಯ್ಲರ್ ಇರುವ ಲ್ಯಾಬ್ ನಡೆಸುವುದಕ್ಕೆ ಜಾಗ ಬೇಕು, ನೀರು ಬೇಕು, ನುರಿತ ಮೆಕ್ಯಾನಿಕ್ ಬೇಕು. ಬೇಡಿಕೆ ಕುಗ್ಗಿದ ಬ್ರಾಂಚಿಗೆ ಅಷ್ಟು ಖರ್ಚು ಮಾಡುವ ಆಡಳಿತ ಮಂಡಳಿಗಳು ಕಡಿಮೆ.

ನನ್ನ ವಾದ ಇಷ್ಟು: ಕೆಮಿಕಲ್ ಎಂಜಿನಿಯರಿಂಗನ್ನು ನಾವು ಕ್ಯಾಂಪಸ್ ಸಂದರ್ಶನದ ಮೊದಲ ಸಂಬಳದಿಂದ ಮಾತ್ರ ಅಳೆಯುತ್ತಿದ್ದೇವೆ. ಲ್ಯಾಬಿನಲ್ಲಿ ಸಾಧ್ಯವಾದ ರಾಸಾಯನಿಕ ಕ್ರಿಯೆಯನ್ನು ಸಾವಿರಾರು ಲೀಟರ್ ಪ್ರಮಾಣದಲ್ಲಿ, ಯಾರ ಜೀವಕ್ಕೂ ಯಾವ ಕೆರೆಗೂ ಕೇಡಾಗದಂತೆ, ನಷ್ಟವಿಲ್ಲದೆ ನಡೆಸುವ ವಿದ್ಯೆ ಅದು. ಎಥೆನಾಲ್, ಔಷಧ, ಬ್ಯಾಟರಿ, ತ್ಯಾಜ್ಯನೀರು ಎಂದು ಕರ್ನಾಟಕ ಇಂದು ಯಾವುದರ ಮಾತಾಡಿದರೂ ಈ ವಿದ್ಯೆ ಬಲ್ಲವರು ಬೇಕು. ಆದರೆ ಈಗ ಬಹಳ ಕಡೆ ಕಲಿಸುತ್ತಿರುವ ರೀತಿಯಲ್ಲಿ ಅದು ವಿದ್ಯಾರ್ಥಿಗೆ ದಕ್ಕುತ್ತಿಲ್ಲ. ಎರಡನ್ನೂ ಒಟ್ಟಿಗೆ ಹೇಳದೆ ಹೋದರೆ ಈ ಚರ್ಚೆ ಅರ್ಧ ಸತ್ಯವಾಗಿ ಉಳಿಯುತ್ತದೆ.

ರಸಾಯನಶಾಸ್ತ್ರ ಇಷ್ಟವಿದ್ದರೆ ಸಾಕೇ?

ಪಿಯುಸಿ ಹಂತದಲ್ಲಿ ವಿದ್ಯಾರ್ಥಿಗೆ ಸಿಗುವ ಮಾರ್ಗದರ್ಶನ ಸಾಮಾನ್ಯವಾಗಿ ಒಂದೇ ವಾಕ್ಯದ್ದು: ಕೆಮಿಸ್ಟ್ರಿ ಇಷ್ಟವಿದ್ದರೆ ಕೆಮಿಕಲ್ ತೆಗೆದುಕೋ. ಈ ಸಲಹೆ ನಂಬಿ ಬಂದವರು ಎರಡನೇ ವರ್ಷದಲ್ಲಿ ಕಕ್ಕಾಬಿಕ್ಕಿಯಾಗುತ್ತಾರೆ. ಅಲ್ಲಿ ಸಾವಯವ ರಸಾಯನಶಾಸ್ತ್ರದ ಕ್ರಿಯೆಗಳಿಗಿಂತ ಪೈಪಿನಲ್ಲಿ ಹರಿಯುವ ದ್ರವ, ಲೋಹದ ಗೋಡೆ ದಾಟುವ ಶಾಖ, ಪಂಪಿನ ಶಕ್ತಿ, ಡಿಫರೆನ್ಷಿಯಲ್ ಸಮೀಕರಣಗಳೇ ಹೆಚ್ಚು. ಈ ಬ್ರಾಂಚಿಗೆ ಬೇಕಾದದ್ದು ರಸಾಯನಶಾಸ್ತ್ರಕ್ಕಿಂತ ಹೆಚ್ಚಾಗಿ ಭೌತಶಾಸ್ತ್ರ ಮತ್ತು ಗಣಿತ.

ಕಾರಣ ಪ್ರಮಾಣ. ಒಂದು ಲೀಟರಿನ ಫ್ಲಾಸ್ಕಿನಲ್ಲಿ ಶಾಖ ಹೊರಬಿಡುವ ಒಂದು ಕ್ರಿಯೆ ನಡೆಯುತ್ತಿದೆ ಎಂದುಕೊಳ್ಳಿ. ಅದೇ ಆಕಾರದ ಪಾತ್ರೆಯನ್ನು ಉದ್ದ, ಅಗಲ, ಎತ್ತರ ಮೂರರಲ್ಲೂ ಹತ್ತು ಪಟ್ಟು ದೊಡ್ಡದು ಮಾಡಿದರೆ ಗಾತ್ರ 1,000 ಲೀಟರ್ ಆಗುತ್ತದೆ. ಆದರೆ ಹೊರಮೈ ಬೆಳೆಯುವುದು 100 ಪಟ್ಟು ಮಾತ್ರ. ಶಾಖ ಹುಟ್ಟುವುದು ಗಾತ್ರದಲ್ಲಿ, ಹೊರಹೋಗುವುದು ಮೈಯಿಂದ. ಹೀಗಾಗಿ ಒಂದೊಂದು ಲೀಟರಿನ ಪಾಲಿಗೆ ಸಿಗುವ ತಂಪಾಗುವ ಮೈ ಹತ್ತನೇ ಒಂದಕ್ಕೆ ಇಳಿಯುತ್ತದೆ. ಮದುವೆ ಮನೆಯ ಕೊಳಗದಲ್ಲಿರುವ ಸಾರು ಗಂಟೆಗಟ್ಟಲೆ ಬಿಸಿಯಾಗಿರುವುದಕ್ಕೂ ಬಟ್ಟಲಿಗೆ ಬಡಿಸಿದ ಸಾರು ಊಟ ಮುಗಿಯುವ ಮುನ್ನ ಆರುವುದಕ್ಕೂ ಇದೇ ಲೆಕ್ಕ. ಸಾರಿನಲ್ಲಿ ಹೊಸದಾಗಿ ಶಾಖ ಹುಟ್ಟುವುದಿಲ್ಲ, ಆದ್ದರಿಂದ ಅಪಾಯವಿಲ್ಲ. ಕಾರ್ಖಾನೆಯಲ್ಲಿ ರಾಸಾಯನಿಕ ಕ್ರಿಯೆ ನಡೆಸುವ ಪಾತ್ರೆಯಾದ ರಿಯಾಕ್ಟರಿನಲ್ಲಿ ಹುಟ್ಟುತ್ತದೆ. ತಾಪಮಾನ ಹತ್ತು ಡಿಗ್ರಿ ಏರಿದರೆ ಬಹಳಷ್ಟು ಕ್ರಿಯೆಗಳ ವೇಗ ಸ್ಥೂಲವಾಗಿ ಇಮ್ಮಡಿಯಾಗುತ್ತದೆ. ವೇಗ ಹೆಚ್ಚಿದರೆ ಶಾಖ ಹೆಚ್ಚು, ಶಾಖ ಹೆಚ್ಚಿದರೆ ವೇಗ ಇನ್ನೂ ಹೆಚ್ಚು. ತಂಪುಗೊಳಿಸುವ ನೀರು ಕೆಲವು ನಿಮಿಷ ನಿಂತರೂ ಕ್ರಿಯೆ ಕೈತಪ್ಪುತ್ತದೆ.

ಅಮೆರಿಕದ ಫ್ಲಾರಿಡಾ ರಾಜ್ಯದ ಜಾಕ್ಸನ್‌ವಿಲ್‌ನಲ್ಲಿ ಟಿ2 ಲ್ಯಾಬೊರೇಟರೀಸ್ ಎಂಬ ಸಣ್ಣ ಕಂಪನಿ ಇತ್ತು. ಪೆಟ್ರೋಲಿಗೆ ಬೆರೆಸುವ ಒಂದು ಮ್ಯಾಂಗನೀಸ್ ಸಂಯುಕ್ತವನ್ನು ಅದು ಕರಗಿದ ಸೋಡಿಯಂ ಬಳಸಿ ತಯಾರಿಸುತ್ತಿತ್ತು. ಒಂದು ಲೀಟರಿನ ಪಾತ್ರೆಯಲ್ಲಿ ಪ್ರಯೋಗ ಮಾಡಿದವರು ನೇರವಾಗಿ ಒಂಬತ್ತು ಸಾವಿರ ಲೀಟರಿಗೂ ಹೆಚ್ಚು ಹಿಡಿಯುವ ರಿಯಾಕ್ಟರಿಗೆ ಹಾರಿದರು. 2007ರ ಡಿಸೆಂಬರ್ 19ರಂದು, 175ನೇ ಬ್ಯಾಚಿನಲ್ಲಿ, ತಂಪುಗೊಳಿಸುವ ವ್ಯವಸ್ಥೆ ಕೈಕೊಟ್ಟಿತು. ಸ್ಫೋಟದಲ್ಲಿ 4 ಮಂದಿ ಸತ್ತರು, 32 ಮಂದಿ ಗಾಯಗೊಂಡರು. ಕಂಪನಿಯ ಮಾಲೀಕರಲ್ಲಿ ಒಬ್ಬರು ರಸಾಯನಶಾಸ್ತ್ರಜ್ಞರು, ಇನ್ನೊಬ್ಬರು ಪದವೀಧರ ಕೆಮಿಕಲ್ ಎಂಜಿನಿಯರ್. ಕ್ರಿಯೆ ಕೈಮೀರಿ ಓಡುವ ಅಪಾಯವನ್ನು ಇಬ್ಬರೂ ಗುರುತಿಸಿರಲಿಲ್ಲ. ತನಿಖೆ ನಡೆಸಿದ ಅಲ್ಲಿನ ರಾಸಾಯನಿಕ ಸುರಕ್ಷತಾ ಮಂಡಳಿ ಕಂಪನಿಯನ್ನು ದೂರಿ ಸುಮ್ಮನಾಗಲಿಲ್ಲ. ಕೆಮಿಕಲ್ ಎಂಜಿನಿಯರಿಂಗ್ ಪದವಿಯಲ್ಲೇ ಈ ಪಾಠ ಸರಿಯಾಗಿ ಇಲ್ಲ ಎಂದು ಬೊಟ್ಟು ಮಾಡಿ, ಪಠ್ಯಕ್ರಮ ಬದಲಿಸುವಂತೆ ಶಿಫಾರಸು ಮಾಡಿತು. ಅಲ್ಲಿನ ಪದವಿಗಳಿಗೆ ಮಾನ್ಯತೆ ನೀಡುವ ಸಂಸ್ಥೆ ಅದನ್ನು ಒಪ್ಪಿ, ರಾಸಾಯನಿಕ ಪ್ರಕ್ರಿಯೆಗಳ ಅಪಾಯಗಳನ್ನು ಕಲಿಸುವುದನ್ನು ಮಾನದಂಡಕ್ಕೆ ಸೇರಿಸಿತು. ಒಂದು ಅಪಘಾತ ತರಗತಿಯ ಪಾಠವನ್ನೇ ಬದಲಿಸಿದ ಈ ಉದಾಹರಣೆಯನ್ನು ನಮ್ಮಲ್ಲಿ ಮೊದಲ ಸೆಮಿಸ್ಟರಿನಲ್ಲೇ ಹೇಳಬೇಕು.

ಕಬ್ಬಿನ ಹಾಲಿನ ಲೆಕ್ಕ

ಈ ವಿದ್ಯೆಯ ಒಳಹೊಕ್ಕು ನೋಡಲು ದೂರ ಹೋಗಬೇಕಾಗಿಲ್ಲ. ಮಂಡ್ಯ, ಬೆಳಗಾವಿ, ಬಾಗಲಕೋಟೆಯ ಯಾವ ಸಕ್ಕರೆ ಕಾರ್ಖಾನೆಯಾದರೂ ಸಾಕು.

ಎರಡನೇ ವರ್ಷದಲ್ಲಿ ಮೊದಲು ಕಲಿಯುವುದು ದ್ರವ್ಯದ ಲೆಕ್ಕ: ಒಳಗೆ ಹೋದದ್ದೆಲ್ಲ ಎಲ್ಲೋ ಒಂದು ಕಡೆ ಹೊರಗೆ ಬಂದೇ ಬರಬೇಕು. ನೂರು ಕಿಲೋ ಕಬ್ಬಿನ ಹಾಲಿನಲ್ಲಿ 15 ಕಿಲೋ ಕರಗಿದ ಘನಪದಾರ್ಥ ಇದೆ. ಅದನ್ನು 60 ಶೇಕಡ ಸಾಂದ್ರತೆಯ ಪಾಕ ಮಾಡಬೇಕು. ಘನಪದಾರ್ಥ ಎಲ್ಲಿಗೂ ಹೋಗುವುದಿಲ್ಲ, ಆದ್ದರಿಂದ ಪಾಕದ ತೂಕ 25 ಕಿಲೋ. ಉಳಿದ 75 ಕಿಲೋ ನೀರು ಆವಿಯಾಗಬೇಕು. ದಿನಕ್ಕೆ 5,000 ಟನ್ ಕಬ್ಬು ಅರೆಯುವ ಕಾರ್ಖಾನೆಯಲ್ಲಿ, ಹಿಂಡುವಾಗ ನೀರು ಬೆರೆಸುವುದರಿಂದ, ಹಾಲಿನ ತೂಕವೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಅಂದರೆ ದಿನವೊಂದಕ್ಕೆ 3,750 ಟನ್ ನೀರನ್ನು ಕುದಿಸಿ ಹೊರಹಾಕಬೇಕು.

ಆಲೆಮನೆಯ ಕೊಪ್ಪರಿಗೆಯಲ್ಲಿ ಈ ಆವಿ ಆಕಾಶಕ್ಕೆ ಹೋಗುತ್ತದೆ, ಅದರ ಜೊತೆ ಉರಿಸಿದ ಸಿಪ್ಪೆಯ ಶಾಖವೂ. ಕಾರ್ಖಾನೆಯಲ್ಲಿ ಹಾಗೆ ಬಿಟ್ಟರೆ ದಿವಾಳಿ. ಅಲ್ಲಿ ಸಾಲಾಗಿ ನಾಲ್ಕೈದು ಪಾತ್ರೆಗಳಿರುತ್ತವೆ. ಮೊದಲ ಪಾತ್ರೆಯಿಂದ ಎದ್ದ ಆವಿಯೇ ಎರಡನೆಯದನ್ನು ಕುದಿಸುತ್ತದೆ, ಎರಡನೆಯದರ ಆವಿ ಮೂರನೆಯದನ್ನು. ಬಿಸಿ ಕಡಿಮೆಯಾಗುತ್ತ ಹೋದ ಆವಿ ಮುಂದಿನ ಪಾತ್ರೆಯನ್ನು ಹೇಗೆ ಕುದಿಸೀತು? ಒಂದೊಂದು ಪಾತ್ರೆಯ ಒತ್ತಡವನ್ನೂ ಹಿಂದಿನದಕ್ಕಿಂತ ಇಳಿಸುತ್ತ ಹೋಗುವುದರಿಂದ. ಒತ್ತಡ ಇಳಿದರೆ ಕುದಿಯುವ ಬಿಂದುವೂ ಇಳಿಯುತ್ತದೆ. ಐದು ಪಾತ್ರೆಗಳಿದ್ದರೆ 3,750 ಟನ್ ನೀರು ಆವಿಯಾಗಿಸಲು ಆದರ್ಶ ಲೆಕ್ಕದಲ್ಲಿ 750 ಟನ್ ಉಗಿ ಸಾಕು. ನಿಜದಲ್ಲಿ ಸ್ವಲ್ಪ ಹೆಚ್ಚು ಬೇಕಾಗುತ್ತದೆ. ಉಳಿದ ಸಿಪ್ಪೆಯಿಂದ ವಿದ್ಯುತ್ ಉತ್ಪಾದಿಸಿ ಗ್ರಿಡ್‌ಗೆ ಮಾರುತ್ತಾರೆ. ಈ ಉಪಾಯಕ್ಕೆ 1843ರಲ್ಲಿ ಪೇಟೆಂಟ್ ಪಡೆದವನು ಅಮೆರಿಕದ ಲೂಸಿಯಾನಾದ ನೋರ್ಬರ್ಟ್ ರಿಲ್ಯೂ. ಆಫ್ರಿಕನ್ ಮೂಲದ ತಾಯಿಯ ಮಗನಾಗಿ ಹುಟ್ಟಿ ಪ್ಯಾರಿಸ್‌ನಲ್ಲಿ ಓದಿದವನು. ಗುಲಾಮಗಿರಿ ಇನ್ನೂ ಜಾರಿಯಲ್ಲಿದ್ದ ನಾಡಿನಲ್ಲಿ, ತೆರೆದ ಕೊಪ್ಪರಿಗೆಗಳ ಮುಂದೆ ಗುಲಾಮರು ಸುಟ್ಟುಕೊಳ್ಳುತ್ತಿದ್ದ ಕೆಲಸವನ್ನು ಮುಚ್ಚಿದ ಪಾತ್ರೆಗಳೊಳಗೆ ತಂದವನು.

ಅದೇ ಕಾರ್ಖಾನೆಯ ಪಕ್ಕದ ಡಿಸ್ಟಿಲರಿಗೆ ಬನ್ನಿ. ಪೆಟ್ರೋಲಿಗೆ 20 ಶೇಕಡ ಎಥೆನಾಲ್ ಬೆರೆಸುವ ಗುರಿಯನ್ನು ಮೊದಲು 2030ಕ್ಕೆ ಇಟ್ಟುಕೊಂಡಿದ್ದ ಕೇಂದ್ರ ಸರ್ಕಾರ ಅದನ್ನು 2025ಕ್ಕೆ ಹಿಂದೂಡಿಕೊಂಡು ಮುಟ್ಟಿತು. ಹಳೆಯ ವಾಹನಗಳಿಗೆ ಇದು ಹೊಂದುತ್ತದೆಯೇ, ಮೈಲೇಜ್ ಎಷ್ಟು ಇಳಿಯುತ್ತದೆ ಎಂಬ ಚರ್ಚೆ ಎಲ್ಲ ಕಡೆ ನಡೆಯಿತು. ಆ ಎಥೆನಾಲ್ ತಯಾರಾಗುವುದು ಹೇಗೆ ಎಂಬುದರ ಬಗ್ಗೆ ಮಾತು ಕಡಿಮೆ. ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯನ್ನು ಹುದುಗಿಸಿದಾಗ ಸಿಗುವ ದ್ರವದಲ್ಲಿ ಎಥೆನಾಲ್ ಸುಮಾರು ಹತ್ತು ಶೇಕಡ. ಬಟ್ಟಿ ಇಳಿಸುತ್ತ ಹೋದರೆ ತೂಕದ ಲೆಕ್ಕದಲ್ಲಿ 95.6 ಶೇಕಡಕ್ಕೆ ಬಂದು ನಿಂತುಬಿಡುತ್ತದೆ. ಆ ಹಂತದಲ್ಲಿ ದ್ರವದಲ್ಲೂ ಅದರ ಆವಿಯಲ್ಲೂ ನೀರಿನ ಪಾಲು ಒಂದೇ ಆಗಿರುವುದರಿಂದ ಎಷ್ಟು ಬಾರಿ ಬಟ್ಟಿ ಇಳಿಸಿದರೂ ಮುಂದೆ ಹೋಗದು. ನೀರು ಉಳಿದ ಎಥೆನಾಲನ್ನು ಪೆಟ್ರೋಲಿಗೆ ಬೆರೆಸಿದರೆ ಟ್ಯಾಂಕಿನಲ್ಲಿ ಪದರವಾಗಿ ಬೇರ್ಪಡುತ್ತದೆ. ಆದ್ದರಿಂದ ಕೊನೆಯ ನೀರನ್ನು ತೆಗೆಯಲು ಮೂರು ಆಂಗ್‌ಸ್ಟ್ರಾಮ್ (ಒಂದು ಆಂಗ್‌ಸ್ಟ್ರಾಮ್ ಎಂದರೆ ಮಿಲಿಮೀಟರಿನ ಕೋಟಿಯಲ್ಲೊಂದು ಪಾಲು) ರಂಧ್ರಗಳಿರುವ ಜಿಯೊಲೈಟ್ ಹರಳುಗಳ ಮೂಲಕ ಆವಿಯನ್ನು ಹಾಯಿಸುತ್ತಾರೆ. ನೀರಿನ ಅಣು ಒಳಗೆ ನುಸುಳುತ್ತದೆ, ದೊಡ್ಡದಾದ ಎಥೆನಾಲ್ ಅಣು ನುಸುಳಲಾರದು. ಮಿಶ್ರಣಗಳನ್ನು ಬೇರ್ಪಡಿಸುವ ಬಗೆ ಕಲಿಸುವ ಮೂರನೇ ವರ್ಷದ ಮಾಸ್ ಟ್ರಾನ್ಸ್‌ಫರ್ ಪಾಠದಲ್ಲಿ ಗ್ರಾಫ್ ಹಾಳೆಯ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಗೆರೆ ಎಳೆಯುವ ವಿದ್ಯಾರ್ಥಿ, ಆ ಒಂದೊಂದು ಮೆಟ್ಟಿಲೂ ಒಂದು ಕಾಲಂನೊಳಗಿನ ತಟ್ಟೆ ಎಂದು ಕಣ್ಣಾರೆ ಕಂಡಿದ್ದರೆ ಈ ವಿಷಯ ಅವನಿಗೆ ಬೇಸರವಾಗುವ ಮಾತೇ ಇಲ್ಲ.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಕಾಕಂಬಿಯಿಂದ ಒಂದು ಲೀಟರ್ ಆಲ್ಕೋಹಾಲ್ ತೆಗೆದರೆ ಹತ್ತು ಲೀಟರಿನ ಆಸುಪಾಸು ಕಪ್ಪು ತ್ಯಾಜ್ಯದ್ರವ ಉಳಿಯುತ್ತದೆ. ಡಿಸ್ಟಿಲರಿ ಸುತ್ತಲಿನ ಹಳ್ಳಿಗಳವರು ದೂರುವುದು ಇದರ ವಾಸನೆಯನ್ನು, ಇದು ಸೇರಿದ ಹಳ್ಳದಲ್ಲಿ ಸತ್ತು ತೇಲುವ ಮೀನುಗಳನ್ನು. ಇದನ್ನು ಆವಿಯಾಗಿಸಿ, ಗಟ್ಟಿಮಾಡಿ, ಬಾಯ್ಲರಿನಲ್ಲಿ ಉರಿಸಿ, ಹನಿಯೂ ಹೊರಹೋಗದಂತೆ ನೋಡಿಕೊಳ್ಳುವ ತಂತ್ರ ಇದೆ. ಅದನ್ನು ವಿನ್ಯಾಸ ಮಾಡುವವರೂ ಕೆಮಿಕಲ್ ಎಂಜಿನಿಯರ್‌ಗಳೇ, ಖರ್ಚು ಉಳಿಸಲು ರಾತ್ರಿ ಹೊತ್ತು ಕವಾಟ ತೆರೆಯುವಂತೆ ಮೇಲಿನವರು ಹೇಳಿದಾಗ ಆಗದು ಎನ್ನಬೇಕಾದವರೂ ಅವರೇ.

ಒಂದೇ ವಿದ್ಯೆ, ನೂರು ಉದ್ಯಮ

1887ರಲ್ಲಿ ಮ್ಯಾಂಚೆಸ್ಟರಿನಲ್ಲಿ ಜಾರ್ಜ್ ಡೇವಿಸ್ ಎಂಬ ಕಾರ್ಖಾನೆ ತಪಾಸಣಾಧಿಕಾರಿ ಕೆಮಿಕಲ್ ಎಂಜಿನಿಯರಿಂಗ್ ಬಗ್ಗೆ ಹನ್ನೆರಡು ಉಪನ್ಯಾಸಗಳನ್ನು ಕೊಟ್ಟ. ಮರುವರ್ಷ ಅಮೆರಿಕದ ಎಂಐಟಿಯಲ್ಲಿ ಈ ವಿಷಯದ ಪದವಿ ಶುರುವಾಯಿತು. 1915ರಲ್ಲಿ ಆರ್ಥರ್ ಲಿಟಲ್ ಇದಕ್ಕೆ ಗಟ್ಟಿ ನೆಲೆ ಕೊಟ್ಟ: ಸಾಬೂನು, ಸಕ್ಕರೆ, ಪೆಟ್ರೋಲು, ಔಷಧ ಎಂದು ಉದ್ಯಮಗಳು ನೂರಿರಬಹುದು, ಅವುಗಳೊಳಗಿನ ಕೆಲಸಗಳು ಮಾತ್ರ ಬಟ್ಟಿ ಇಳಿಸುವುದು, ಸೋಸುವುದು, ಒಣಗಿಸುವುದು, ಪುಡಿಮಾಡುವುದು, ಆವಿಯಾಗಿಸುವುದು ಎಂಬ ಕೆಲವೇ ಬಗೆಯವು. ಅವನ್ನು ಕಲಿತವನು ಯಾವ ಉದ್ಯಮಕ್ಕೂ ಸಲ್ಲುತ್ತಾನೆ.

ಕನ್ನಡ ನಾಡಿನಲ್ಲಿ ಈ ಕೆಲಸಗಳು ಪದವಿಗಿಂತ ಮೊದಲೇ ಬಂದವು. ಮಹಾಯುದ್ಧದಿಂದ ಗಂಧದ ಮರದ ರಫ್ತು ನಿಂತಾಗ ಮೈಸೂರು ಸಂಸ್ಥಾನ ಇಲ್ಲೇ 1916ರಲ್ಲಿ ಗಂಧದೆಣ್ಣೆ ಬಟ್ಟಿ ಇಳಿಸತೊಡಗಿತು. ಸಾಬೂನು ತಂತ್ರಜ್ಞಾನ ಕಲಿಯಲು ಸೋಸಲೆ ಗರಳಪುರಿ ಶಾಸ್ತ್ರಿಗಳನ್ನು ಇಂಗ್ಲೆಂಡಿಗೆ ಕಳುಹಿಸಿತು. 1923ರಲ್ಲಿ ಭದ್ರಾವತಿಯಲ್ಲಿ ಕಬ್ಬಿಣದ ಕುಲುಮೆ ಹತ್ತಿದಾಗ, ಅದಕ್ಕೆ ಬೇಕಾದ ಇದ್ದಿಲನ್ನು ಸುಮ್ಮನೆ ಸುಡದೆ, ಮರವನ್ನು ಬಟ್ಟಿ ಇಳಿಸಿ ಮೆಥನಾಲ್, ಅಸಿಟೇಟ್, ಟಾರ್‌ಗಳನ್ನೂ ಹಿಡಿದಿಟ್ಟುಕೊಳ್ಳುವ ಘಟಕ ಇತ್ತು. ಸ್ವಾತಂತ್ರ್ಯಕ್ಕೆ ಮೊದಲೇ ಬೆಳಗೊಳದಲ್ಲಿ ಅಮೋನಿಯಾ ಆಧರಿಸಿದ ಗೊಬ್ಬರದ ಕಾರ್ಖಾನೆ ನಡೆಯಿತು. ಭಾರತದಲ್ಲಿ ಈ ವಿಷಯದ ಓದು ಬೇರೂರಿದ್ದು 1921ರಲ್ಲಿ ಕಲ್ಕತ್ತೆಯ ಜಾದವಪುರದಲ್ಲಿ, ಆಮೇಲೆ 1933ರಲ್ಲಿ ಮುಂಬಯಿಯಲ್ಲಿ. ಮೈಸೂರಿನ ಆಡಳಿತಗಾರರು ಪದವೀಧರರಿಗಾಗಿ ಕಾಯದೆ ಜನರನ್ನು ಹೊರಗೆ ಕಳುಹಿಸಿ ಕಲಿಸಿದರು. ಇಂದು ಸುರತ್ಕಲ್, ಮಣಿಪಾಲ, ತುಮಕೂರು, ಬೆಂಗಳೂರಿನಲ್ಲಿ ಈ ವಿಭಾಗಗಳಿವೆ. ಇರುವುದನ್ನು ಉಳಿಸಿಕೊಳ್ಳುವ ಆಸಕ್ತಿ ಆ ಕಾಲದವರಷ್ಟು ನಮ್ಮಲ್ಲಿ ಇಲ್ಲ ಎನ್ನುವುದು ನನಗೆ ನೋವಿನ ವಿಷಯ.

ಮಂಗಳೂರೊಂದನ್ನೇ ತೆಗೆದುಕೊಳ್ಳಿ. ವರ್ಷಕ್ಕೆ 1.5 ಕೋಟಿ ಟನ್ ಕಚ್ಚಾತೈಲ ಶುದ್ಧೀಕರಿಸುವ ಎಂಆರ್‌ಪಿಎಲ್ ಅಲ್ಲಿದೆ. ಪಣಂಬೂರಿನ ಗೊಬ್ಬರ ಕಾರ್ಖಾನೆ 1970ರ ದಶಕದಿಂದ ಕಚ್ಚಾತೈಲದಿಂದ ಸಿಗುವ ನಾಫ್ತಾ ಬಳಸಿ ಅಮೋನಿಯಾ ಮಾಡುತ್ತಿತ್ತು. 2021ರ ಜನವರಿಯಲ್ಲಿ ಕೊಚ್ಚಿ–ಮಂಗಳೂರು ನಡುವಿನ 450 ಕಿಲೋಮೀಟರ್ ಕೊಳವೆ ಮಾರ್ಗ ಉದ್ಘಾಟನೆಯಾದ ಮೇಲೆ ನೈಸರ್ಗಿಕ ಅನಿಲಕ್ಕೆ ಬದಲಾಯಿತು. ಮಂಗಳೂರು ಮತ್ತು ಪಾದೂರಿನ ನೆಲದಡಿಯ ಬಂಡೆಗುಹೆಗಳಲ್ಲಿ ದೇಶದ ತುರ್ತು ತೈಲ ಸಂಗ್ರಹ ಒಟ್ಟು 40 ಲಕ್ಷ ಟನ್ ಹಿಡಿಯುತ್ತದೆ. ಬೀದರ್‌ನ ಕೊಳಾರ, ಆನೇಕಲ್ ಬಳಿಯ ಜಿಗಣಿ, ನಂಜನಗೂಡು, ರಾಯಚೂರುಗಳಲ್ಲಿ ಔಷಧ ಘಟಕಗಳು. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರಿನ ಗುಣಮಟ್ಟದ ಜಗಳವೂ ಮೂಲದಲ್ಲಿ ಇದೇ ವಿದ್ಯೆಯ ಪ್ರಶ್ನೆ. ಕಂಪ್ಯೂಟರ್ ಉದ್ಯಮವೂ ಇದರಿಂದ ಹೊರತಲ್ಲ: ಸಿಲಿಕಾನ್ ಬಿಲ್ಲೆಯ ಮೇಲೆ ಅನಿಲಗಳಿಂದ ಪದರ ಕೂರಿಸುವುದು ರಿಯಾಕ್ಟರ್ ವಿನ್ಯಾಸದ ಕೆಲಸ. ಇಂಟೆಲ್ ಕಂಪನಿಯನ್ನು ಕಟ್ಟಿ ಬೆಳೆಸಿದ ಆಂಡ್ರ್ಯೂ ಗ್ರೋವ್ ಓದಿದ್ದು ಕೆಮಿಕಲ್ ಎಂಜಿನಿಯರಿಂಗ್.

ತರಗತಿಯಲ್ಲಿ ಕಲಿಸದೆ ಬಿಟ್ಟದ್ದು

ಇಷ್ಟು ಹೇಳಿದ ಮೇಲೆ ಕಹಿ ಮಾತುಗಳನ್ನೂ ಹೇಳಬೇಕು. ಮೊದಲನೆಯದು ಸುರಕ್ಷತೆ.

1984ರ ಡಿಸೆಂಬರ್ 2ರ ರಾತ್ರಿ ಭೋಪಾಲದ ಯೂನಿಯನ್ ಕಾರ್ಬೈಡ್ ಘಟಕದಲ್ಲಿ ಮಿಥೈಲ್ ಐಸೊಸಯನೇಟ್ ಎಂಬ ವಿಷದ್ರವ ತುಂಬಿದ್ದ ಟ್ಯಾಂಕಿಗೆ ನೀರು ಸೇರಿತು. ಅದನ್ನು ತಂಪಾಗಿಡಬೇಕಿದ್ದ ಶೀತಕ ಘಟಕವನ್ನು ತಿಂಗಳುಗಳ ಹಿಂದೆಯೇ ನಿಲ್ಲಿಸಲಾಗಿತ್ತು. ಅನಿಲ ತೊಳೆಯುವ ಸ್ಕ್ರಬರ್ ಕೆಲಸಕ್ಕೆ ಸಜ್ಜಾಗಿರಲಿಲ್ಲ. ಉರಿಸಿ ಬಿಡುವ ಚಿಮಣಿಯ ಕೊಳವೆಯನ್ನು ದುರಸ್ತಿಗೆ ಬಿಚ್ಚಿಡಲಾಗಿತ್ತು. 2020ರ ಮೇ 7ರಂದು ವಿಶಾಖಪಟ್ಟಣದ ಎಲ್‌ಜಿ ಪಾಲಿಮರ್ಸ್‌ನಲ್ಲಿ, ಲಾಕ್‌ಡೌನ್ ಕಾಲದಲ್ಲಿ ಅಲುಗಾಡದೆ ಬಿದ್ದಿದ್ದ, ಪ್ಲಾಸ್ಟಿಕ್ ತಯಾರಿಕೆಗೆ ಬಳಸುವ ಸ್ಟೈರೀನ್ ಎಂಬ ದ್ರವ ತಾನಾಗಿ ಬಿಸಿಯೇರಿ ಆವಿಯಾಗಿ ಹೊರಬಂದು 12 ಜನರನ್ನು ಕೊಂದಿತು. ಟ್ಯಾಂಕಿನ ಮೇಲಿನ ಪದರಗಳ ತಾಪಮಾನ ಅಳೆಯುವ ಏರ್ಪಾಡೇ ಅಲ್ಲಿ ಇರಲಿಲ್ಲ. 2025ರ ಜೂನ್ 30ರಂದು ತೆಲಂಗಾಣದ ಪಾಶಮೈಲಾರಂನಲ್ಲಿ, ಔಷಧ ಮಾತ್ರೆಗಳಿಗೆ ಬೆರೆಸುವ ಸೆಲ್ಯುಲೋಸ್ ಪುಡಿ ಮಾಡುವ ಘಟಕದ ಸ್ಫೋಟದಲ್ಲಿ 40ಕ್ಕೂ ಹೆಚ್ಚು ಕಾರ್ಮಿಕರು ಸತ್ತರು. ಅದೇ ವರ್ಷದ ಜುಲೈಯಲ್ಲಿ ಸುರತ್ಕಲ್‌ನ ಎಂಆರ್‌ಪಿಎಲ್‌ನಲ್ಲಿ ಹೈಡ್ರೋಜನ್ ಸಲ್ಫೈಡ್ ಸೋರಿ ಇಬ್ಬರು ನೌಕರರು ಪ್ರಾಣ ಕಳೆದುಕೊಂಡರು. ಈ ಅನಿಲದ ಗುಣ ಭಯಂಕರ. ಕಡಿಮೆ ಇದ್ದಾಗ ಕೊಳೆತ ಮೊಟ್ಟೆಯಂತೆ ನಾರುತ್ತದೆ, ಪ್ರಮಾಣ ಏರಿದಾಗ ಮೂಗಿನ ಗ್ರಹಣಶಕ್ತಿಯನ್ನೇ ಕೊಲ್ಲುತ್ತದೆ. ವಾಸನೆ ನಿಂತಿತು ಎಂದು ನಂಬಿದವನು ಉಳಿಯುವುದಿಲ್ಲ.

ಸಕ್ಕರೆಯಂಥ ತಿನ್ನುವ ವಸ್ತುವೂ ನಯವಾದ ಧೂಳಾಗಿ ಗಾಳಿಯಲ್ಲಿ ಹರಡಿದರೆ ಸ್ಫೋಟಿಸುತ್ತದೆ. 2008ರ ಫೆಬ್ರವರಿಯಲ್ಲಿ ಅಮೆರಿಕದ ಜಾರ್ಜಿಯಾದ ಸಕ್ಕರೆ ಕಾರ್ಖಾನೆಯಲ್ಲಿ ಹೀಗೆಯೇ 14 ಮಂದಿ ಸತ್ತರು. ದೇಶದಲ್ಲಿ ಸಕ್ಕರೆ ಉತ್ಪಾದನೆಯ ಮುಂಚೂಣಿಯಲ್ಲಿರುವ ರಾಜ್ಯವೊಂದರಲ್ಲಿ ಕೆಮಿಕಲ್ ಎಂಜಿನಿಯರಿಂಗ್ ಪದವಿ ಪಡೆದ ಯಾರೂ ಇದನ್ನು ಕೇಳದೆ ಹೊರಬರಬಾರದು. ಆದರೆ ಎಷ್ಟೋ ಕಾಲೇಜುಗಳಲ್ಲಿ ಸುರಕ್ಷತೆ ಎನ್ನುವುದು ಕೊನೆಯ ವರ್ಷದ ಐಚ್ಛಿಕ ವಿಷಯ, ಅಂಕ ಸುಲಭವಾಗಿ ಬರುತ್ತದೆ ಎಂದು ಆರಿಸಿಕೊಳ್ಳುವಂಥದ್ದು. ವ್ಯಾಖ್ಯೆಗಳನ್ನು ಬಾಯಿಪಾಠ ಮಾಡಿದರೆ ಮುಗಿಯಿತು. ಒಂದು ನಿಜವಾದ ಘಟಕದ ನಕ್ಷೆ ಎದುರಿಗಿಟ್ಟುಕೊಂಡು, ಈ ಕೊಳವೆಯಲ್ಲಿ ಹರಿವು ನಿಂತರೆ ಏನಾಗುತ್ತದೆ, ತಿರುಗಿ ಹರಿದರೆ ಏನಾಗುತ್ತದೆ, ಒತ್ತಡ ಏರಿದರೆ ಯಾವ ಕವಾಟ ತೆರೆಯುತ್ತದೆ ಎಂದು ಒಂದೊಂದಾಗಿ ಕೇಳುತ್ತ ಹೋಗುವ ಅಭ್ಯಾಸವನ್ನು ಕಾರ್ಖಾನೆಗಳಲ್ಲಿ ಹ್ಯಾಜಾಪ್ ಎನ್ನುತ್ತಾರೆ. ಅದನ್ನು ಎರಡನೇ ವರ್ಷದಿಂದಲೇ, ಪ್ರತಿ ವಿಷಯದ ಜೊತೆಗೆ ಮಾಡಿಸಬೇಕು. ಇದಕ್ಕೆ ಹೊಸ ಕಟ್ಟಡ ಬೇಡ, ಹೊಸ ಯಂತ್ರ ಬೇಡ.

ಎರಡನೆಯದು ಲ್ಯಾಬ್. ವರ್ಷಾನುಗಟ್ಟಲೆ ಅದೇ ಪ್ರಯೋಗ, ಅದೇ ಅಳತೆಗಳು, ಹಿಂದಿನ ಬ್ಯಾಚಿನ ದಾಖಲೆ ಪುಸ್ತಕದಿಂದ ನಕಲು. ಯಂತ್ರ ಕೆಟ್ಟಿದ್ದರೆ ಅದರ ಮುಂದೆ ನಿಂತು ಲೆಕ್ಕವನ್ನಷ್ಟೇ ಮಾಡಿಸುವುದೂ ಉಂಟು. ಘಟಕದ ನಡೆಯನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ಸಿಮ್ಯುಲೇಷನ್ ಕಲಿಯಲು ದುಬಾರಿ ಸಾಫ್ಟ್‌ವೇರ್ ಬೇಕು ಎಂಬ ನೆಪ ಈಗ ಉಳಿದಿಲ್ಲ. ಡಿಡಬ್ಲ್ಯುಸಿಮ್ ಎಂಬ ಮುಕ್ತ ತಂತ್ರಾಂಶ ಉಚಿತವಾಗಿ ಸಿಗುತ್ತದೆ, ಐಐಟಿ ಬಾಂಬೆಯ ಫಾಸೀ ಯೋಜನೆ ಅದನ್ನು ದೇಶದ ವಿದ್ಯಾರ್ಥಿಗಳಿಗೆ ಕಲಿಸುವ ಕೆಲಸ ಮಾಡುತ್ತಿದೆ. ಐಐಟಿಗಳ ಉಚಿತ ಆನ್‌ಲೈನ್ ಪಾಠಗಳ ವೇದಿಕೆಯಾದ ಎನ್‌ಪಿಟಿಇಎಲ್‌ನಲ್ಲಿ ಈ ಬ್ರಾಂಚಿನ ಮುಖ್ಯ ವಿಷಯಗಳ ಉಪನ್ಯಾಸಗಳಿವೆ. ಸಣ್ಣ ಊರಿನ ಕಾಲೇಜಿನ ವಿದ್ಯಾರ್ಥಿ ಇವೆರಡನ್ನು ಬಳಸಿಕೊಂಡರೆ ಪಾಠದ ಕೊರತೆಯನ್ನು ಬಹಳಮಟ್ಟಿಗೆ ತುಂಬಿಕೊಳ್ಳಬಹುದು. ಕೈಗೆ ಎಣ್ಣೆ ಮೆತ್ತಿಕೊಂಡು ಪಂಪು ಬಿಚ್ಚಿ ನೋಡಿದ ಅನುಭವವನ್ನು ಮಾತ್ರ ಪರದೆ ಕೊಡಲಾರದು.

ಸಂಬಳ, ಪಾಳಿ, ಊರು

ಉದ್ಯೋಗದ ವಿಷಯದಲ್ಲಿ ಸಿಹಿ ಮಾತಾಡಿ ಮಕ್ಕಳನ್ನು ಸೇರಿಸಿಕೊಳ್ಳುವುದು ಅನ್ಯಾಯ. ಕಾರ್ಖಾನೆಯ ಆರಂಭದ ಸಂಬಳ ಒಳ್ಳೆಯ ಸಾಫ್ಟ್‌ವೇರ್ ಕೆಲಸಕ್ಕಿಂತ ಸಾಮಾನ್ಯವಾಗಿ ಕಡಿಮೆ. ಕೆಲಸ ಇರುವುದು ಊರ ಹೊರಗಿನ ಕೈಗಾರಿಕಾ ಪ್ರದೇಶದಲ್ಲಿ, ಬಹಳ ಬಾರಿ ಗುಜರಾತಿನಲ್ಲೋ ಮಹಾರಾಷ್ಟ್ರದಲ್ಲೋ ತೆಲಂಗಾಣದಲ್ಲೋ. ಮೊದಲ ವರ್ಷಗಳಲ್ಲಿ ರಾತ್ರಿ ಪಾಳಿ ತಪ್ಪಿದ್ದಲ್ಲ. ಗೇಟ್ ಪರೀಕ್ಷೆಯ ಮೂಲಕ ಸಾರ್ವಜನಿಕ ವಲಯದ ತೈಲ ಕಂಪನಿಗಳಿಗೆ ಸೇರುವ ದಾರಿ ಇದೆ, ಅದು ಇಕ್ಕಟ್ಟಾದ ದಾರಿ. ಕ್ಯಾಂಪಸ್ಸಿಗೆ ಬರುವ ಸಾಫ್ಟ್‌ವೇರ್ ಕಂಪನಿಗೆ ಸೇರುವ ಕೆಮಿಕಲ್ ಪದವೀಧರರೂ ಕಡಿಮೆಯಿಲ್ಲ. ಆ ಆಯ್ಕೆ ತಪ್ಪಲ್ಲ, ಆದರೆ ಅದಕ್ಕಾಗಿಯೇ ಈ ಬ್ರಾಂಚಿಗೆ ಬರುವವರು ನಾಲ್ಕು ವರ್ಷ ಒಲ್ಲದ ಮನಸ್ಸಿನಿಂದ ಕಳೆಯುತ್ತಾರೆ. ರ‍್ಯಾಂಕಿನ ಬಲವಿದ್ದು ಪ್ರೋಗ್ರಾಮಿಂಗಿನಲ್ಲೇ ಮನಸ್ಸಿರುವ ಹುಡುಗ ಇಲ್ಲಿಗೆ ಬರಬಾರದು ಎಂದೇ ನಾನು ಹೇಳುತ್ತೇನೆ.

ಹೆಣ್ಣುಮಕ್ಕಳ ವಿಷಯವನ್ನು ಬೇರೆಯಾಗಿ ಹೇಳಬೇಕು. 1948ರ ಕಾರ್ಖಾನೆ ಕಾಯ್ದೆ ಸಂಜೆ 7ರಿಂದ ಬೆಳಿಗ್ಗೆ 6ರವರೆಗೆ ಮಹಿಳೆಯರಿಗೆ ಕಾರ್ಖಾನೆಯಲ್ಲಿ ಕೆಲಸ ಕೊಡುವುದನ್ನು ನಿರ್ಬಂಧಿಸಿತ್ತು. ಸದಾ ಓಡುತ್ತಿರುವ ಘಟಕದಲ್ಲಿ ರಾತ್ರಿ ಪಾಳಿ ಮಾಡದವರಿಗೆ ಉತ್ಪಾದನಾ ವಿಭಾಗದ ಬಾಗಿಲೇ ಮುಚ್ಚಿದಂತೆ. ಹಾಗಾಗಿ ತರಗತಿಯಲ್ಲಿ ಮುಂದಿದ್ದ ಹುಡುಗಿಯರು ಗುಣಮಟ್ಟ ಪರೀಕ್ಷೆಯ ಲ್ಯಾಬಿಗೋ ಬೋಧನೆಗೋ ಸರಿದರು. ಕರ್ನಾಟಕ ಸರ್ಕಾರ 2019ರ ನವೆಂಬರಿನಲ್ಲಿ ಸಾರಿಗೆ, ಭದ್ರತೆ ಮುಂತಾದ ಷರತ್ತುಗಳೊಂದಿಗೆ ರಾತ್ರಿ ಪಾಳಿಗೆ ಅವಕಾಶ ಕೊಟ್ಟಿತು, 2023ರಲ್ಲಿ ಕಾಯ್ದೆಗೇ ತಿದ್ದುಪಡಿ ತಂದಿತು. ಕಾಗದದ ಅನುಮತಿ ಬಂದಿದೆ, ನೇಮಕ ಮಾಡುವವರ ಮನಸ್ಸು ಇನ್ನೂ ಅಷ್ಟು ಬೇಗ ಬದಲಾಗುತ್ತಿಲ್ಲ. ಎರಡನೇ ಮಹಾಯುದ್ಧದಲ್ಲಿ ಪೆನಿಸಿಲಿನ್ನನ್ನು ಬಾಟಲಿಗಳಿಂದ ದೈತ್ಯ ಹುದುಗು ಟ್ಯಾಂಕುಗಳಿಗೆ ಏರಿಸಿದ ಮೊದಲ ವಾಣಿಜ್ಯ ಘಟಕದ ವಿನ್ಯಾಸ ಮಾಡಿದವರು ಮಾರ್ಗರೆಟ್ ಹಚಿನ್ಸನ್ ರೂಸೋ ಎಂಬ ಕೆಮಿಕಲ್ ಎಂಜಿನಿಯರ್. 1937ರಲ್ಲೇ ಎಂಐಟಿಯಿಂದ ಈ ವಿಷಯದಲ್ಲಿ ಡಾಕ್ಟರೇಟ್ ಪಡೆದವರು. ನೇಮಕ ಸಮಿತಿಗಳಲ್ಲಿ ಕೂರುವವರಿಗೆ ಇದು ತಿಳಿದಿರಬೇಕು.

ಏನು ಮಾಡಬಹುದು

ಸರ್ಕಾರದ ಮಟ್ಟದಲ್ಲಿ ನನ್ನ ಮೊದಲ ಬೇಡಿಕೆ, ಕೆಮಿಕಲ್ ವಿಭಾಗ ಇರುವ ಕಾಲೇಜುಗಳನ್ನು ಆಯಾ ಪ್ರದೇಶದ ಕಾರ್ಖಾನೆಗಳ ಜೊತೆ ಕಟ್ಟಿಹಾಕುವುದು. ಇಂದು ಇಂಟರ್ನ್‌ಷಿಪ್ ಎಂದರೆ ವಿದ್ಯಾರ್ಥಿ ತಾನೇ ಅಲೆದು, ಪರಿಚಯದವರ ಕೈಕಾಲು ಹಿಡಿದು, ಪ್ರಮಾಣಪತ್ರವೊಂದನ್ನು ತರುವುದು ಎಂಬಂತಾಗಿದೆ. ಕಾರ್ಖಾನೆಯವರಿಗೂ ಎರಡು ವಾರ ಬಂದುಹೋಗುವ ಹುಡುಗರು ಹೊರೆ. ಸಕ್ಕರೆ ಕಾರ್ಖಾನೆಗಳ ಉದಾಹರಣೆಯನ್ನೇ ನೋಡಿ: ಕಬ್ಬು ಅರೆಯುವ ಹಂಗಾಮು ಸಾಮಾನ್ಯವಾಗಿ ಅಕ್ಟೋಬರ್-ನವೆಂಬರಿನಲ್ಲಿ ಶುರುವಾಗಿ ಬೇಸಿಗೆಗೆ ಮುಗಿಯುತ್ತದೆ. ಸೆಮಿಸ್ಟರಿನ ವೇಳಾಪಟ್ಟಿ ಮಾತ್ರ ಎಲ್ಲ ಬ್ರಾಂಚಿಗೂ ಒಂದೇ. ಒಂದು ಇಡೀ ಸೆಮಿಸ್ಟರನ್ನು ಹಂಗಾಮಿನ ಕಾಲಕ್ಕೆ ಹೊಂದಿಸಿ, ವಿದ್ಯಾರ್ಥಿಯನ್ನು ಮೂರು ಪಾಳಿಯಲ್ಲೂ ಘಟಕದಲ್ಲಿ ಇರಿಸಿ, ಆವಿಯ ಲೆಕ್ಕ ಅವನೇ ಬರೆಯುವಂತೆ ಮಾಡಬಹುದು. ಹಂಗಾಮು ಮುಗಿದ ಮೇಲೆ ಪಾತ್ರೆಗಳನ್ನೂ ಕೊಳವೆಗಳನ್ನೂ ಬಿಚ್ಚಿ ಶುಚಿಮಾಡುತ್ತಾರೆ. ಪುಸ್ತಕದಲ್ಲಿ ಸ್ಕೇಲಿಂಗ್ ಎಂದು ಓದಿದ ಗಟ್ಟಿ ಪೊರೆ ಕೊಳವೆಯೊಳಗೆ ಎಷ್ಟು ದಪ್ಪ ಕೂತಿರುತ್ತದೆ ಎಂದು ಆಗಲೇ ನೋಡಬೇಕು.

ವಿದ್ಯಾರ್ಥಿಗಳೂ ಪೋಷಕರೂ ಮಾಡಬಹುದಾದದ್ದು ಇನ್ನೂ ಸರಳ. ಆಯ್ಕೆ ದಾಖಲಿಸುವ ಮುನ್ನ ಕಾಲೇಜಿಗೆ ಒಮ್ಮೆ ಹೋಗಿಬನ್ನಿ. ಪ್ಲೇಸ್‌ಮೆಂಟ್ ಕಚೇರಿಯ ಗೋಡೆಯ ಫಲಕ ನೋಡಿ ಹಿಂತಿರುಗಬೇಡಿ. ವಿಭಾಗದ ಅಧ್ಯಾಪಕರಲ್ಲಿ ಎಷ್ಟು ಮಂದಿ ಕಾರ್ಖಾನೆಯಲ್ಲಿ ಕೆಲಸ ಮಾಡಿದ್ದಾರೆ ಎಂದು ಕೇಳಿ. ಕಳೆದ ಬ್ಯಾಚಿನವರು ಇಂಟರ್ನ್‌ಷಿಪ್ ಎಲ್ಲಿ ಮಾಡಿದರು, ಎಷ್ಟು ವಾರ ಮಾಡಿದರು ಎಂದು ಮೂರನೇ ವರ್ಷದ ವಿದ್ಯಾರ್ಥಿಗಳನ್ನು ಕೇಳಿ. ಅವರು ಅಧ್ಯಾಪಕರಿಗಿಂತ ನೇರವಾಗಿ ಹೇಳುತ್ತಾರೆ. ಲ್ಯಾಬಿಗೆ ಹೋಗಿ ಡಿಸ್ಟಿಲೇಷನ್ ಕಾಲಂ ಎಲ್ಲಿದೆ ಎಂದು ವಿಚಾರಿಸಿ, ಅದನ್ನು ಕೊನೆಯ ಬಾರಿ ಓಡಿಸಿದ್ದು ಯಾವಾಗ ಎಂದು ಲ್ಯಾಬ್ ಸಹಾಯಕರನ್ನು ಕೇಳಿ.